ಎಡಗಾಲಿನ ಹೊರ ಅಂಚು

ಕುಶಿರೊ
9 ಜೂನ್ 1991

ಚಿಗುಸಾ ಮಗಳೇ,

ನಿನ್ನ ಸ್ಕೇಟುಗಳ ಪಾರ್ಸೆಲ್ಲು ನಿನ್ನೆ ತಲುಪಿತು. ಬೂಟಿನೊಳಗೆ ತುರುಕಿದ್ದ ಪತ್ರವನ್ನೂ ಓದಿದೆ. ‘ಟೋಕಿಯೊದಲ್ಲಿ ಎಲ್ಲ ಸರಿಯಾಗಿದೆ’ ಅಂತ ಬರೆದಿದ್ದೀಯ. ಬ್ಲೇಡು ಹಾಗನ್ನುತ್ತಿಲ್ಲ. ಬಲಗಾಲಿನ ಒಳ ಅಂಚು ಸವೆದು ಬೋಳಾಗಿದೆ. ಹೊರ ಅಂಚು ಮಾತ್ರ ನೆಂಟರಿಗೆ ಅಂತ ಎತ್ತಿಟ್ಟ ತಟ್ಟೆಯ ಹಾಗೆ ಹೊಸದಾಗಿಯೇ ಕೂತಿದೆ. ಅಂದರೆ ನೀನು ವಾಲಬೇಕಾದ ಕಡೆ ಪೂರ್ತಿ ವಾಲುತ್ತಿಲ್ಲ. ಯೂಸಾಕು ಹಿಡಿದುಕೊಳ್ಳುತ್ತಾನೋ ಇಲ್ಲವೋ ಅಂತ ಅನುಮಾನ. ಆರು ವರ್ಷ ಒಬ್ಬನ ಕೈಹಿಡಿದು ಕುಣಿದ ಮೇಲೂ ಅನುಮಾನವೇ? ಅಷ್ಟು ಅನುಮಾನ ನಿನ್ನಮ್ಮನಿಗೂ ನನ್ನ ಮೇಲಿಲ್ಲ.

ವಾಲಿದರೆ ಬೀಳ್ತೀನಿ ಅನ್ನೋಳು ಐಸಿಗೆ ಇಳೀಬಾರದು,
ಮಂಜಾದರೆ ಕಾಣಲ್ಲ ಅನ್ನೋನು ಕುಶಿರೊದಲ್ಲಿ ಉಳೀಬಾರದು.

ಇಲ್ಲಿನ ಐಸ್ ರಿಂಕು ಬೇಸಿಗೆಗೆ ಮುಚ್ಚಿದೆ. ನನ್ನ ಸಾಣೆ ಕೋಣೆ ಮಾತ್ರ ತೆರೆದಿದೆ. ಐಸ್ ಹಾಕಿ ಹುಡುಗರ ಮೂವತ್ತು ಜೊತೆ ಸ್ಕೇಟು ರಾಶಿ ಬಿದ್ದಿವೆ. ಅವರಿಗೆ ಬ್ಲೇಡೂ ಒಂದೇ, ಕೊಡಲಿಯೂ ಒಂದೇ. ಅಮ್ಮ ಎಡಬೂಟಿನಲ್ಲಿ ಒಣಗಿಸಿದ ಸಾಲ್ಮನ್ ಮೀನು ಇಟ್ಟಿದ್ದಾಳೆ. ಬೇಡ ಅಂದೆ, ಕೇಳಲಿಲ್ಲ. ತಿನ್ನುವ ಮೊದಲು ಮೂಸಿ ನೋಡು.

ನಿನ್ನ ಅಪ್ಪ


ಟೋಕಿಯೊ
30 ಜೂನ್ 1991

ಅಪ್ಪಾ,

ಸಾಲ್ಮನ್ ಮೂಸಿ ನೋಡೋಕೆ ಮೊದಲೇ ಯೂಸಾಕು ತಿಂದು ಮುಗಿಸಿದ. ಚೆನ್ನಾಗಿತ್ತಂತೆ. ಬೂಟಿನಲ್ಲಿ ಬಂತು ಅಂತ ಆಮೇಲೆ ಹೇಳಿದೆ. ಪರವಾಗಿಲ್ಲ, ಉಪ್ಪು ಎಲ್ಲಿಂದ ಬಂದರೇನು ಅಂದ.

ನಮಗೆ ಹೊಸ ನೃತ್ಯ ಸಂಯೋಜಕಿ ಬಂದಿದ್ದಾರೆ, ತಗಾಯಾ ಟೀಚರ್. ಅರವತ್ತು ವರ್ಷ, ಪಾಪ ಇಷ್ಟೇ ಇಷ್ಟು ಎತ್ತರ, ಬಾಯಿ ಮಾತ್ರ ನಿಮ್ಮ ಸಾಣೆಕಲ್ಲು. ನಮ್ಮ ಹಳೇ ಕುಣಿತಗಳ ವಿಡಿಯೋ ಎಲ್ಲ ನೋಡಿದರು. ಸ್ಪೇನಿನ ಗೂಳಿಕಾಳಗ, ಪ್ಯಾರಿಸಿನ ಕಾಫಿ ಅಂಗಡಿ, ಅರ್ಜೆಂಟೀನಾದ ಟ್ಯಾಂಗೊ.

“ಸ್ಪೇನಿಗೆ ಹೋಗಿದ್ದೀರಾ?”

“ಇಲ್ಲ, ಟೀಚರ್.”

“ಪ್ಯಾರಿಸಿಗೆ?”

“ವಿಮಾನ ನಿಲ್ದಾಣ ನೋಡಿದೀನಿ,” ಅಂದ ಯೂಸಾಕು. “ಟಾಯ್ಲೆಟ್ ಚೆನ್ನಾಗಿದೆ.”

“ಅದನ್ನೇ ಕುಣಿದಿದ್ರೆ ಇನ್ನೂ ಚೆನ್ನಾಗಿರ್ತಿತ್ತು,” ಅಂದರು ಟೀಚರ್. “ನೀವಿಬ್ಬರೂ ಕಾಪಿ ಬರೆಯೋ ಜಾಣ ಮಕ್ಕಳ ಹಾಗೆ ಕುಣೀತೀರಿ. ಅಕ್ಷರ ದುಂಡಗಿದೆ. ಬರೆದಿರೋದು ಮಾತ್ರ ಏನೂ ಇಲ್ಲ.”

ಅಪ್ಪಾ, ನನ್ನ ಮುಖ ಕಿವಿವರೆಗೂ ಕೆಂಪಾಯಿತು. ಕಡ್ಡಾಯದ ಭಾಗದಲ್ಲಿ ಈ ವರ್ಷ ಎಲ್ಲರಿಗೂ ಪೋಲ್ಕಾ ಕುಣಿತ, ಅದರಲ್ಲಿ ನಮ್ಮ ಮಾತು ನಡೆಯಲ್ಲ. ಕೊನೆಯ ಮುಕ್ತ ನೃತ್ಯದ ವಿಷಯ ನಮ್ಮದು. “ಒಂದು ವಾರ ಟೈಮು,” ಅಂದರು. “ಹುಟ್ಟಿದಾಗಿಂದ ಕಣ್ಣೆದುರಿಗೇ ಇದ್ದು, ಯಾವತ್ತೂ ಸರಿಯಾಗಿ ನೋಡದೇ ಇರೋ ಒಂದನ್ನ ತಗೊಂಡು ಬನ್ನಿ.”

ಯೂಸಾಕು ಅವರಪ್ಪನ ಬೋಳುತಲೆ ತಂದ. ನಾನು ನಿಮ್ಮ ಸಾಣೆ ಕೋಣೆ ತಂದೆ.

ಟೀಚರ್ ಬೋಳುತಲೆಯನ್ನ ಪಕ್ಕಕ್ಕಿಟ್ಟು ಸಾಣೆ ಕೋಣೆ ಆರಿಸಿಕೊಂಡರು. ಆಮೇಲೆ ಯೂಸಾಕುಗೆ “ನೀನು ಕಲ್ಲು” ಅಂದರು, ನನಗೆ “ನೀನು ಉಕ್ಕು” ಅಂದರು. ಹೆಸರೂ ಇಟ್ಟಾಯಿತು: ‘ಸಾಣೆ ಹಿಡಿಯುವವನ ಕೈ’. ನಿಮ್ಮ ಕೈ ಅಪ್ಪಾ.

ಚಿಗುಸಾ


ಕುಶಿರೊ
14 ಜುಲೈ 1991

ಚಿಗುಸಾ,

ಓದಿ ನಗು ಬಂತು. ಕಲ್ಲು ಉಕ್ಕು ಉಜ್ಜಾಡುವುದನ್ನು ನೋಡಲು ಟೋಕಿಯೊದಲ್ಲಿ ಜನ ಟಿಕೆಟ್ ತಗೊಳ್ತಾರಾ? ಇಲ್ಲಿ ಬಿಟ್ಟಿ ತೋರಿಸಿದರೂ ಯಾರೂ ನಿಲ್ಲೋದಿಲ್ಲ. ಬೇರೆ ಏನಾದರೂ ಹುಡುಕು. ನಮ್ಮೂರಿನ ಕೊಕ್ಕರೆಗಳಿವೆ. ಜೋಡಿಯಾಗಿ ಹಿಮದ ಮೇಲೆ ಕುಣಿಯುತ್ತವೆ, ಹೆಣ್ಣು ಗಂಡು ಬೇರೆ, ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಇಲ್ಲವಾದರೆ ಮಂಜು.

ಕೊಕ್ಕರೆ ಕುಣಿದರೆ ಊರಿಗೆ ಹೆಸರು,
ಅಪ್ಪನ ಕೈಯಲ್ಲಿ ಬರೀ ಎಣ್ಣೆ ಕೆಸರು.

ನಿಜಕ್ಕೂ ಹೇಳುತ್ತಿದ್ದೇನೆ. ಟೀಚರಿಗೆ ಹೇಳಿ ಬದಲಾಯಿಸು.

ಅಪ್ಪ


ಟೋಕಿಯೊ
25 ಆಗಸ್ಟ್ 1991

ಅಪ್ಪಾ,

ಕೊಕ್ಕರೆಯನ್ನ ಈ ದೇಶದಲ್ಲಿ ಕುಣಿಯದವರೇ ಇಲ್ಲ. ಕೊಕ್ಕರೆಗಳಿಗೇ ಬೇಜಾರಾಗಿರುತ್ತೆ.

ನಮ್ಮ ಕುಣಿತ ಅರ್ಧ ಆಗಿದೆ. ಶಾಮಿಸೆನ್ ತಂತಿವಾದ್ಯ, ಡೋಲು, ಮಧ್ಯೆ ಕಲ್ಲು ತಿರುಗೋ ಹಾಗೆ ಒಂದು ಗುಂಯ್‌ಗುಡುವ ಸದ್ದು. ಮೊದಲ ಭಾಗದಲ್ಲಿ ಯೂಸಾಕು ಒಂದೇ ವೇಗದಲ್ಲಿ ಸುತ್ತುತ್ತಾನೆ, ನಾನು ಬಂದು ಬಂದು ಅವನಿಗೆ ತಾಗಿ ಸಿಡಿದು ಹೋಗ್ತೀನಿ. ಕೊನೇ ಭಾಗದಲ್ಲಿ ಅವನು ಮಂಡಿಯೂರಿ ನನ್ನ ಎಡಪಾದ ಎತ್ತಿ ಅಂಗೈ ಮೇಲೆ ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ ಬ್ಲೇಡನ್ನ ನೋಡ್ತಾನೆ. ನೀವು ನೋಡೋ ಹಾಗೇ. ನೋಡಿ, ಸರಿಯಾಗಿದೆ ಅಂತ ತಲೆ ಆಡಿಸ್ತಾನೆ. ಆಗ ನಾನು ನಗ್ತೀನಿ, ಹೊರಡ್ತೀನಿ. ಈಗ ನಾನು ವಾಲ್ತಿದೀನಿ ಅಪ್ಪಾ, ಪೂರ್ತಿ. ಮುಂದಿನ ಪಾರ್ಸೆಲ್ಲಿನಲ್ಲಿ ಬ್ಲೇಡು ನೋಡಿ, ಗೊತ್ತಾಗುತ್ತೆ.

ಇನ್ನೊಂದು ವಿಷಯ ಹೇಳಬೇಕು. ಐದು ವರ್ಷದಿಂದ ಗಂಟಲಲ್ಲಿದೆ.

ಆ ಸಲ ಕುಶಿರೊದಲ್ಲಿ ವಲಯ ಸ್ಪರ್ಧೆ ಗೆದ್ದ ಸಂಜೆ, ಟೋಕಿಯೊದ ಕೋಚ್ ನಮ್ಮ ಹತ್ತಿರ ಬಂದರಲ್ಲ. “ನಿನ್ನ ಬ್ಲೇಡ್ ಯಾರು ನೋಡ್ಕೊಳ್ತಾರಮ್ಮಾ? ಇಷ್ಟು ಚೊಕ್ಕ ಕೆಲಸ ನಾನು ನೋಡಿಲ್ಲ,” ಅಂದರು. ನೀವು ಎಣ್ಣೆಯ ಏಪ್ರನ್ ಹಾಕ್ಕೊಂಡು ಐದು ಹೆಜ್ಜೆ ದೂರದಲ್ಲಿ ನಿಂತಿದ್ದಿರಿ. ನಾನು ಕೈ ತೋರಿಸಿ “ಅಲ್ಲಿದಾರಲ್ಲ, ಇಲ್ಲಿನ ಸಾಣೆಯವರು” ಅಂದೆ. ನಮ್ಮಪ್ಪ ಅನ್ನಲಿಲ್ಲ. ನೀವು ಕೇಳಿಸ್ಕೊಂಡಿರಿ. ಕೇಳಿಸ್ಕೊಂಡು, ನನಗೇ ಬಗ್ಗಿ ನಮಸ್ಕಾರ ಮಾಡಿ, “ಅಭಿನಂದನೆಗಳು, ಚಿಗುಸಾ ಅವರೇ” ಅಂದಿರಿ, ಯಾರೋ ಗಿರಾಕಿಗೆ ಅನ್ನೋ ಹಾಗೆ.

ಆ ‘ಅವರೇ’ ಇವತ್ತಿಗೂ ಕೇಳಿಸುತ್ತೆ. ಈ ಕುಣಿತ ಅದಕ್ಕೆ ಅಪ್ಪಾ. ಜನವರಿಯಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಅಷ್ಟು ಜನರ ಮುಂದೆ, ಇದು ನಮ್ಮಪ್ಪನ ಕೈ ಅಂತ ಹೇಳಬೇಕು. ನೀವು ಬಂದು ಮುಂದಿನ ಸಾಲಲ್ಲಿ ಕೂರಬೇಕು. ಬೇಕಾದ್ರೆ ಏಪ್ರನ್ನಲ್ಲೇ ಬನ್ನಿ.

ಚಿಗುಸಾ


ಕುಶಿರೊ
29 ಸೆಪ್ಟೆಂಬರ್ 1991

ಚಿಗುಸಾ,

ಬ್ಲೇಡು ನೋಡಿದೆ. ಎರಡೂ ಅಂಚು ಸಮನಾಗಿ ಸವೆದಿವೆ. ಚೆನ್ನಾಗಿ ಕುಣಿಯುತ್ತಿದ್ದೀಯ.

ಮೊನ್ನೆ ಟಿವಿಯವರು ಮೂವರು ಕ್ಯಾಮೆರಾ ಹೊತ್ತುಕೊಂಡು ಬಂದರು. ನಿನ್ನ ಕುಣಿತದ ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ನನ್ನ ಕೈಯನ್ನು ಹತ್ತಿರದಿಂದ ಹಿಡಿಯಬೇಕಂತೆ. “ಇಪ್ಪತ್ತೆಂಟು ವರ್ಷ ಒಂದು ಬ್ಲೇಡೂ ತಪ್ಪಿಲ್ಲ ಅಂತಾರೆ, ನಿಜಾನಾ ಸಾರ್?” ಅಂತ ಆ ಹುಡುಗಿ ಕೇಳಿದಳು. ತಲೆನೋವು ಅಂತ ಹೇಳಿ ಕಳಿಸಿದೆ. ಅಮ್ಮ ಅವರಿಗೆ ಸ್ಕ್ವಿಡ್ ಮೀನು ಹುರಿದು ಕೊಟ್ಟಳು. ಆಮೇಲೆ “ನಿಮ್ಮ ಸೊಕ್ಕಿಗೇನು ಕಮ್ಮಿ” ಅಂತ ನನಗೆ ಬೈದಳು.

ನೀನು ಅವತ್ತು ಹೇಳಿದ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಮರೆತುಬಿಡು. ಆದರೆ ಈ ಕುಣಿತ ಬೇಡ. ಕೈಮುಗಿದು ಕೇಳುತ್ತೇನೆ.

ಅಪ್ಪ


ಟೋಕಿಯೊ
20 ಅಕ್ಟೋಬರ್ 1991

ಅಪ್ಪಾ,

ನಿಮ್ಮ ಪತ್ರದಲ್ಲಿ ಒಂದೂ ಪ್ರಾಸ ಇರಲಿಲ್ಲ. ಇಷ್ಟು ವರ್ಷ ನೀವು ಬೈದ್ರೂ ಪ್ರಾಸದಲ್ಲೇ ಬೈತಿದ್ರಿ. ಎರಡು ಸಲ ಓದಿದೆ, ಎಲ್ಲಾದರೂ ಅಡಗಿದೆಯೇನೋ ಅಂತ.

ಈ ವರ್ಷದ ವಲಯ ಸ್ಪರ್ಧೆ ಗೆದ್ದೆವು. ಮೊದಲ ಸಲ ಕಲಾತ್ಮಕತೆಗೆ ಕೊಟ್ಟ ಅಂಕ ತಾಂತ್ರಿಕ ಅಂಕಕ್ಕಿಂತ ಜಾಸ್ತಿ ಬಂತು. ಯೂಸಾಕು ಅಂಕದ ಬೋರ್ಡು ಕೆಟ್ಟಿದೆ ಅಂದ್ಕೊಂಡ. ಒಬ್ಬ ವಯಸ್ಸಾದ ತೀರ್ಪುಗಾರರು ಬಂದು “ನಿಮ್ಮ ತಂದೆ ಪುಣ್ಯವಂತರು” ಅಂದರು. ನಾನು “ಅವರು ಈ ಕುಣಿತ ಬೇಡ ಅಂತಿದಾರೆ” ಅಂತ ಹೇಳೋಕಾಗತ್ತಾ? ತಲೆ ಬಗ್ಗಿಸಿದೆ.

ಕ್ಷಮಿಸಿಲ್ಲ ಅಂದ್ರೆ ಕ್ಷಮಿಸಿಲ್ಲ ಅಂತ ಹೇಳಿ. ಮರೆತುಬಿಡು ಅನ್ನಬೇಡಿ. ಅದು ಬಾಗಿಲು ಹಾಕೋ ಮಾತು. ನಾಲ್ಕು ತಿಂಗಳಿಂದ ದಿನಾ ಆರು ಗಂಟೆ ನಿಮ್ಮ ಕೈಯಾಗಿ, ನಿಮ್ಮ ಕಲ್ಲಾಗಿ ನಾವಿಬ್ಬರೂ ಬದುಕ್ತಿದೀವಿ. ಬೇಡ ಅನ್ನೋದಕ್ಕೆ ಒಂದು ಕಾರಣ ಕೊಡಿ. ಒಂದೇ ಒಂದು.

ಚಿಗುಸಾ


ಕುಶಿರೊ
10 ನವೆಂಬರ್ 1991

ಚಿಗುಸಾ,

ಈ ಪತ್ರ ನಾಲ್ಕನೆಯ ಸಲ ಬರೆಯುತ್ತಿರುವುದು. ಮೊದಲಿನ ಮೂರರಲ್ಲಿ ಸುತ್ತಿ ಬಳಸಿ ಬರೆದಿದ್ದೆ. ಇದರಲ್ಲಿ ನೇರ ಬರೆಯುತ್ತೇನೆ.

ಅದೇ ಸ್ಪರ್ಧೆ, ಐದು ವರ್ಷದ ಹಿಂದಿನದು. ನಮ್ಮ ವಲಯದಿಂದ ರಾಷ್ಟ್ರಮಟ್ಟಕ್ಕೆ ಹೋಗುವುದು ಒಂದೇ ಜೋಡಿ. ಮೊದಲ ದಿನ ಮುಗಿದಾಗ ಒಬಿಹಿರೊದ ಮಿಸುಜು ಮತ್ತವಳ ಜೊತೆಗಾರ ಮುಂದಿದ್ದರು, ನೀವು ಎರಡನೆಯವರು. ನೀವು ದಾಟುವ ಅಂತರವಲ್ಲ ಅದು, ನಿನಗೇ ಗೊತ್ತು. ಎರಡನೆಯ ದಿನ ಬೆಳಿಗ್ಗೆ ಮಿಸುಜು ನನ್ನ ಕೋಣೆಗೆ ಓಡಿ ಬಂದಳು. ಸ್ಕೇಟಿನಲ್ಲೇ ಕಾಂಕ್ರೀಟ್ ತುಳಿದು ಬ್ಲೇಡಿಗೆ ಹಲ್ಲು ಬಿದ್ದಿತ್ತು. ಜೊತೆಗೆ ಒಂದು ಪೆಟ್ಟಿಗೆ ಬೆಣ್ಣೆ ಬಿಸ್ಕತ್ತು ತಂದಿದ್ದಳು. “ಅವಸರದಲ್ಲಿ ತೊಂದರೆ ಕೊಡ್ತಿದೀನಿ ಮಾಮಾ” ಅಂದಳು.

ಬಲಗಾಲಿನದು ಸರಿಯಾಯಿತು. ಎಡಗಾಲಿನದು ಮುಗಿಸಿ, ಎರಡು ಅಂಚಿನ ಮೇಲೆ ಅಡ್ಡಪಟ್ಟಿ ಇಟ್ಟು ನೋಡಿದೆ. ಪಟ್ಟಿ ವಾಲಿತ್ತು. ಹೊರ ಅಂಚು ಒಂದು ಕಾಗದದಷ್ಟು ತಗ್ಗು. ಕಲ್ಲು ಹಾಗೆ ತಪ್ಪುವುದುಂಟು. ಬೇಕೆಂದು ಮಾಡಿದ್ದಲ್ಲ, ಇದೊಂದನ್ನು ನಂಬು. ಮತ್ತೆ ಅರೆದು ಸಮ ಮಾಡಲು ನಾಲ್ಕು ನಿಮಿಷ ಸಾಕು.

ಆಗ ಹೊರಗೆ ಅಭ್ಯಾಸಕ್ಕೆ ನಿನ್ನ ಹೆಸರು ಕೂಗಿದರು.

“ಆಯ್ತಾ ಮಾಮಾ?” ಅಂತ ಮಿಸುಜು ಕೇಳಿದಳು.

ನಾನು ಬ್ಲೇಡು ಒರೆಸಿದೆ. ಎಣ್ಣೆ ಹಚ್ಚಿದೆ. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. “ಆಯ್ತಮ್ಮಾ” ಅಂದೆ.

ಒಂಟಿಕಾಲಿನ ತಿರುವಿನಲ್ಲಿ ಅವಳ ಎಡಗಾಲು ಐಸನ್ನು ಕಚ್ಚಲಿಲ್ಲ, ಜಾರಿತು. ಜೊತೆಗಾರನನ್ನೂ ಎಳೆದುಕೊಂಡು ಬಿದ್ದಳು. ಎದ್ದು ಕುಣಿದಳು, ಮತ್ತೆ ಅದೇ ಕಾಲಿನಲ್ಲಿ ಬಿದ್ದಳು. ಹೆದರಿದಳು ಅಂತ ಎಲ್ಲರೂ ಅಂದರು. ನಾನು ಕಿಟಕಿಯಿಂದ ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಮರುವರ್ಷ ಅವಳು ಸ್ಪರ್ಧೆ ಬಿಟ್ಟಳಂತೆ. ಈಗ ಒಬಿಹಿರೊದಲ್ಲೇ ಮಕ್ಕಳಿಗೆ ಕಲಿಸುತ್ತಾಳೆ ಅಂತ ಕೇಳಿದ್ದೇನೆ.

ನೀನು ನನ್ನನ್ನು ‘ಇಲ್ಲಿನ ಸಾಣೆಯವರು’ ಅಂದಿದ್ದು ಅವತ್ತೇ ಸಂಜೆ. ನನಗೆ ನೋವಾಯಿತು ಅಂತ ಐದು ವರ್ಷ ಒದ್ದಾಡಿದ್ದೀಯ. ನಿಜ ಹೇಳಲೇ? ನನಗೆ ಉಸಿರು ಬಂದ ಹಾಗಾಯಿತು. ಆ ಹೊತ್ತಿನಲ್ಲಿ, ನಾನು ಇವಳ ಅಪ್ಪ ಅಂತ ಹೇಳಿಕೊಳ್ಳುವ ಮುಖ ನನಗೇ ಇರಲಿಲ್ಲ.

ನೀನು ಐಸಿನ ಮೇಲೆ ಹೊಗಳುತ್ತಿರುವ ಕೈ ಇದು. ಯೂಸಾಕು ಮಂಡಿಯೂರಿ, ಕಣ್ಣು ಮುಚ್ಚಿ ನೋಡಿ, ತಲೆ ಆಡಿಸುತ್ತಾನೆ ಅಂತ ಬರೆದೆಯಲ್ಲ. ನಾನೂ ಹಾಗೆಯೇ ನೋಡಿ ಹಾಗೆಯೇ ತಲೆ ಆಡಿಸಿದ್ದೆ.

ಅಮ್ಮನಿಗೆ ಗೊತ್ತಿಲ್ಲ.

ಅಪ್ಪ


ಟೋಕಿಯೊ
14 ಡಿಸೆಂಬರ್ 1991

ಅಪ್ಪಾ,

ನಿಮ್ಮ ಪತ್ರ ಬಂದು ತಿಂಗಳಾಯಿತು. ಈ ಸಲ ಸ್ಕೇಟು ನಿಮಗೆ ಕಳಿಸಲಿಲ್ಲ. ಇಲ್ಲೇ ಒಬ್ಬರ ಹತ್ತಿರ ಕೊಟ್ಟೆ. ಅವರು ಕೆಲಸ ಮುಗಿಸಿ ಕೊಟ್ಟಾಗ, ಕಳ್ಳಿ ಹಾಗೆ ಮೂಲೆಗೆ ಹೋಗಿ ಅಡ್ಡಪಟ್ಟಿ ಇಟ್ಟು ನೋಡಿದೆ.

ಆ ಬಿಸ್ಕತ್ತು ನಾನೂ ತಿಂದಿದ್ದೆ. ಗೆದ್ದ ಖುಷಿಗೆ. ಆರು ತಿಂದಿದ್ದೆ.

ಅವತ್ತಿನ ಫೋಟೋ ಗೋಡೆಯಿಂದ ತೆಗೆದೆ. ಆ ಜಾಗದಲ್ಲಿ ಗೋಡೆ ಬೆಳ್ಳಗೆ ಚೌಕಾಕಾರ ಎದ್ದು ಕಾಣ್ತಿತ್ತು, ಕ್ಯಾಲೆಂಡರ್ ಹಾಕಿ ಮುಚ್ಚಿದೆ.

ಯೂಸಾಕುಗೆ ಹೇಳಿದೆ. ಹೇಳದೆ ಅವನ ಕೈ ಹಿಡಿಯೋಕಾಗಲಿಲ್ಲ. ಜೀವನದಲ್ಲಿ ಮೊದಲ ಸಲ ಊಟ ಅರ್ಧಕ್ಕೆ ಬಿಟ್ಟ. “ನಾವೇನೂ ಮಾಡಿಲ್ಲ ಅಲ್ವೇನೇ?” ಅಂದ. ನಾನು ತಟ್ಟೆ ತೊಳೆದಿಟ್ಟೆ. ಐದು ನಿಮಿಷ ಬಿಟ್ಟು ಅವನೇ, “ಮಾಡಿಲ್ಲ. ತಗೊಂಡಿದೀವಿ,” ಅಂದ.

ಅಭ್ಯಾಸ ನಿಲ್ಲಿಸಿಲ್ಲ. ಕೊನೇ ಭಾಗದಲ್ಲಿ ಅವನು ನನ್ನ ಪಾದ ಎತ್ತಿ ಹಿಡಿದಾಗ ನಾನು ನಗಬೇಕು, ನಗು ಬರ್ತಿಲ್ಲ. ಅವನೂ ತಲೆ ಆಡಿಸ್ತಿಲ್ಲ. ಪಾದ ಕೆಳಗಿಟ್ಟು ಮುಖ ಆ ಕಡೆ ತಿರುಗಿಸ್ತಾನೆ. ಇದನ್ನ ನಾವು ಮಾತಾಡಿಕೊಂಡು ಮಾಡಿದ್ದಲ್ಲ. ತಗಾಯಾ ಟೀಚರ್ ಸಂಗೀತ ನಿಲ್ಲಿಸಿ “ಏನಾಯ್ತು ನಿಮಗೆ?” ಅಂದರು. ಯೂಸಾಕು ಬಗ್ಗಿ ಬೂಟಿನ ಲೇಸು ಬಿಗಿ ಮಾಡಿದ. “ಏನೇ ಆಗಿರಲಿ,” ಅಂದರು, “ಇವತ್ತು ನೀವು ಕಾಪಿ ಬರೀಲಿಲ್ಲ. ಹೀಗೇ ಇರಲಿ.”

ಅಪ್ಪಾ, ಆರು ವರ್ಷದಿಂದ ಅವರಂಥವರ ಬಾಯಲ್ಲಿ ಆ ಮಾತು ಕೇಳೋಕೆ ಕಾಯ್ತಿದ್ದೆ. ಕೇಳಿದಾಗ ನೆಲ ನೋಡಿದೆ. ಮಿಸುಜು ಬಿದ್ದದ್ದು ನನಗೆ ಎರಡನೇ ಸಲ ಉಪಯೋಗಕ್ಕೆ ಬರ್ತಿದೆ.

ಹಾಗಾಗಿ ಕೇಳಿ. ಸ್ಪರ್ಧೆ ಜನವರಿ ಹನ್ನೊಂದಕ್ಕೆ. ಸಂಗೀತದ ಕ್ಯಾಸೆಟ್ ಬದಲಾಯಿಸೋಕೆ ಒಂಬತ್ತರವರೆಗೆ ಟೈಮಿದೆ. ಅಷ್ಟರೊಳಗೆ ನೀವು ಒಬಿಹಿರೊಗೆ ಹೋಗಿ ಮಿಸುಜು ಎದುರು ನಿಂತು ಹೇಳಬೇಕು. ಪತ್ರ ಬರೆಯೋದಲ್ಲ, ನಿಂತು. ಅವಳು ಕುಣೀಬೇಡಿ ಅಂದ್ರೆ ಕುಣಿಯಲ್ಲ. ನೀವು ಹೋಗಲಿಲ್ಲ ಅಂದ್ರೂ ಕುಣಿಯಲ್ಲ, ಹಳೇ ಟ್ಯಾಂಗೊ ಹಾಕ್ತೀವಿ, ಹತ್ತನೇ ಸ್ಥಾನ ಬರಲಿ. ನಾನೂ ಜೊತೆಗೆ ಬರ್ತೀನಿ ಅನ್ನೋಕೆ ಹೊರಟಿದ್ದೆ. ಬರಲ್ಲ. ನಾನು ಅವಳ ಹತ್ತಿರ ಹೋಗಬೇಕಾಗಿರೋದು ಬೇರೆ. ಅದು ನನ್ನ ಲೆಕ್ಕ.

ಚಳಿಗೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳಿ.

ಚಿಗುಸಾ


ಕುಶಿರೊ
6 ಜನವರಿ 1992

ಚಿಗುಸಾ,

ಇದನ್ನು ಅರ್ಜೆಂಟ್ ಅಂಚೆಯಲ್ಲಿ ಹಾಕುತ್ತಿದ್ದೇನೆ. ಫೋನಿನಲ್ಲಿ ಹೇಳಲು ನಿನ್ನೆಯಿಂದ ಎರಡು ಸಲ ರಿಸೀವರ್ ಕೈಗೆತ್ತಿಕೊಂಡು ಇಟ್ಟೆ.

ಹೊಸವರ್ಷದ ದಿನ ಅಮ್ಮನಿಗೆ ಹೇಳಿದೆ. ಅವಳು ಹಬ್ಬದ ಮೋಚಿ ಅಕ್ಕಿಕಡುಬು ಸುಡುತ್ತಿದ್ದಳು, ಸುಡುತ್ತಲೇ ಇದ್ದಳು. ಎಲ್ಲ ಕರಕಲಾಯಿತು. ಕರಕಲನ್ನೇ ತಟ್ಟೆಗೆ ಹಾಕಿ ನನ್ನ ಮುಂದಿಟ್ಟಳು. ತಿಂದೆ.

ನಿನ್ನೆ ಭಾನುವಾರ ಬೆಳಗಿನ ಟ್ರೇನಿಗೆ ಒಬಿಹಿರೊಗೆ ಹೋದೆ. ರಿಂಕಿನಲ್ಲಿ ಮಕ್ಕಳ ತರಗತಿ ನಡೆಯುತ್ತಿತ್ತು. ಮಿಸುಜು ದೂರದಿಂದಲೇ ಗುರುತು ಹಿಡಿದಳು.

“ಕುಶಿರೊದ ಸಾಣೆ ಮಾಮ ಅಲ್ವಾ? ಇನ್ನೂ ಇಪ್ಪತ್ತು ನಿಮಿಷ ಇದೆ, ಕೂತ್ಕೊಳ್ಳಿ.”

ಕೂರಲಿಲ್ಲ. ತರಗತಿ ಮುಗಿಸಿ ಬಂದಳು. ಅಡ್ಡಗೋಡೆಯ ಆ ಕಡೆ ಅವಳು ಐಸಿನ ಮೇಲೆ, ಈ ಕಡೆ ನಾನು. ಎಲ್ಲ ಹೇಳಿದೆ. ಅವಳು ಕೈಗವಸಿನಿಂದ ಗೋಡೆಯ ಮೇಲಿನ ಮಂಜುಪುಡಿಯನ್ನು ಗುಡ್ಡೆ ಮಾಡುತ್ತಾ ಕೇಳಿಸಿಕೊಂಡಳು.

“ಸರಿ ಮಾಡೋಕೆ ಎಷ್ಟು ಹೊತ್ತು ಬೇಕಿತ್ತು ಅಂದ್ರಿ?”

“ನಾಲ್ಕು ನಿಮಿಷ.”

“ನನ್ನ ಹತ್ರ ಅವತ್ತು ಅರ್ಧ ಗಂಟೆ ಇತ್ತು ಮಾಮಾ.”

ನಾನು ಟೋಪಿ ತೆಗೆದು ಬಗ್ಗಿ ನಿಂತೆ. ಅವಳೇ ಕೇಳಿದಳು, “ಕ್ಷಮಿಸಿದೆ ಅನ್ನಿಸಿಕೊಂಡು ಹೋಗೋಣ ಅಂತ ಬಂದ್ರಾ?”

“ಇಲ್ಲಮ್ಮಾ.”

“ಒಳ್ಳೇದಾಯ್ತು. ಅನ್ನಲ್ಲ.”

ಕುಣಿತದ ವಿಷಯವನ್ನೂ ಹೇಳಿದೆ. ಅವಳು ಟಿವಿಯಲ್ಲಿ ಒಂದು ತುಣುಕು ನೋಡಿದ್ದಾಳೆ. ಗುಡ್ಡೆ ಮಾಡಿದ್ದ ಮಂಜುಪುಡಿಯನ್ನು ಕೈಯಿಂದ ಸವರಿ ಕೆಳಗೆ ಹಾಕಿದಳು. ಆಮೇಲೆ, “ಕುಣೀಲಿ. ಆದ್ರೆ ಚೆಂದ ಮಾಡಬೇಡ ಅಂತ ಹೇಳಿ,” ಅಂದಳು. ಹಾಗೇ ಬರೆದಿದ್ದೇನೆ, ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ.

ನಮಸ್ಕಾರ ಮಾಡಿ ಹೊರಟೆ. ಹಿಂದಿನಿಂದ ಕರೆದಳು.

“ಮಾಮಾ, ಇದನ್ನ ನನಗೆ ಹೇಳಿ ಪ್ರಯೋಜನ ಇಲ್ಲ. ನನ್ನ ಕಾಲಿಗೆ ಅವತ್ತೇ ಗೊತ್ತಾಗಿತ್ತು. ಯಾರೂ ನಂಬಲಿಲ್ಲ ಅಷ್ಟೆ. ನಮ್ಮಮ್ಮನಿಗೆ ಹೇಳಿ. ಬ್ಲೇಡ್ ಸರಿ ಇರಲಿಲ್ಲ ಅಂದಿದ್ದಕ್ಕೆ, ‘ಹೆದರಿ ಬಿದ್ದು ಪಾಪದವರ ಮೇಲೆ ಹಾಕ್ತೀಯಾ’ ಅಂತ ಕೆನ್ನೆಗೆ ಹೊಡೆದಿದ್ರು. ಆಮೇಲಿಂದ ನಾವಿಬ್ಬರೂ ಮಾತು ಅಂತ ಆಡಿಲ್ಲ. ಸ್ಟೇಷನ್ ಹಿಂದೆ ಕಾಳಿನ ಅಂಗಡಿ, ಯಾರನ್ನ ಕೇಳಿದ್ರೂ ತೋರಿಸ್ತಾರೆ.”

ಪಾಪದವರು ಅಂದರೆ ನಾನು.

ಅಂಗಡಿ ಮುಚ್ಚಿತ್ತು, ಹಿಂದುಗಡೆ ಮನೆ. ಆಕೆ ನನ್ನ ವಯಸ್ಸಿನವರು. ಕುಶಿರೊದಿಂದ ಬಂದೆ, ಮಿಸುಜು ಕಳಿಸಿದಳು ಅಂದಿದ್ದಕ್ಕೆ ಗಾಬರಿಯಾಗಿ ಒಳಗೆ ಕರೆದು ಚಹಾ ಕೊಟ್ಟರು. ಮೂರನೇ ಸಲ ಹೇಳುವಾಗಲಾದರೂ ಸಲೀಸಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಹಣೆ ಚಾಪೆಗೆ ತಾಗಿಸಿಕೊಂಡೇ ಹೇಳಿ ಮುಗಿಸಿದೆ.

“ಎಷ್ಟು ತಗ್ಗಿತ್ತು?” ಅಂದರು.

“ಒಂದು ಕಾಗದದಷ್ಟು.”

ಆಕೆ ಬೈಯಲಿಲ್ಲ. ನಾನು ಮುಟ್ಟದೇ ಇದ್ದ ಚಹಾ ಲೋಟ ತೆಗೆದುಕೊಂಡು ಒಳಗೆ ಹೋದರು, ತಿರುಗಿ ಬರಲಿಲ್ಲ. ಎದ್ದು ಬಾಗಿಲ ಬಳಿ ಬಂದು ಶೂ ಹಾಕಿಕೊಳ್ಳಲು ಕೂತೆ. ಆಗ ಬಂದರು. ನನ್ನನ್ನು ನೋಡಲಿಲ್ಲ. ಗೋಡೆ ಬದಿಯ ಫೋನೆತ್ತಿ ರಿಂಕಿಗೆ ಮಾಡಿದರು, ಮಗಳನ್ನು ಕರೆಸಿದರು.

ಮಿಸುಜು ಫೋನಿಗೆ ಬಂದಿರಬೇಕು. ಆಕೆ ಗೋಡೆಯ ಕಡೆ ಮುಖ ಮಾಡಿ, ತಂತಿಯನ್ನು ಬೆರಳಿಗೆ ಸುತ್ತುತ್ತಾ ಸುತ್ತುತ್ತಾ ಎಷ್ಟೋ ಹೊತ್ತು ನಿಂತರು. ಕೊನೆಗೆ, “ಏನಿಲ್ಲ, ನಾನೇ,” ಅಂದರು. “ಇವತ್ತು ಊಟಕ್ಕೆ ಏನು ಮಾಡಲಿ?”

ಆ ಕಡೆಯಿಂದ ಉತ್ತರ ಏನು ಬಂತೋ ಕೇಳಿಸಲಿಲ್ಲ. ಆಕೆ ಹೂಂ ಅಂದರು, ಮತ್ತೆ ಹೂಂ ಅಂದರು, ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ನನ್ನ ಒಂದು ಕಾಲಿಗೆ ಶೂ ಇತ್ತು, ಇನ್ನೊಂದು ಕೈಯಲ್ಲಿತ್ತು. ಸದ್ದಾಗದ ಹಾಗೆ ಬಾಗಿಲು ಸರಿಸಿ ಹೊರಗೆ ಬಂದು, ಹಿಮದ ಮೇಲೆ ಕಾಲುಚೀಲದಲ್ಲಿ ನಿಂತು ಅದನ್ನು ಹಾಕಿಕೊಂಡೆ.

ಅಪ್ಪ